ಪೇಮಕ್ಕ ಬಿಟ್ಟುಹೋದ ನಾಯಿ

ಕೆಂಚನಕೊಪ್ಪಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುವ ಚಿಕ್ಕಸಿದ್ದಮ್ಮನಿಗೆ ಮಧ್ಯಾಹ್ನ ಎರಡೂವರೆಯಿಂದ ಮೂರೂವರೆಯವರೆಗಿನ ಹೊತ್ತು ಸ್ವಂತದ್ದು. ಅಷ್ಟರಲ್ಲಿ ಮಕ್ಕಳು ಉಂಡು, ತಟ್ಟೆ ತೊಳೆದುಕೊಂಡು, ಒಬ್ಬರ ಮೇಲೊಬ್ಬರು ನೀರೆರಚಿಕೊಂಡು ತರಗತಿಗೆ ಹೋಗಿರುತ್ತಾರೆ. ಅನ್ನದ ಬೋಸಿ, ಸಾರಿನ ಪಾತ್ರೆ, ಸೌಟುಗಳನ್ನು ಅವಳೂ ಜೊತೆಗಾತಿ ಮರಮ್ಮನೂ ಬೆಳಗಿ ಕವುಚಿ ಹಾಕಿರುತ್ತಾರೆ. ಆಮೇಲೆ ಚಿಕ್ಕಸಿದ್ದಮ್ಮ ಅಡಿಗೆ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಕೂತು, ಮಡಿಲಲ್ಲಿ ಉಲ್ಲನ್ ಉಂಡೆ ಇಟ್ಟುಕೊಂಡು, ಎರಡು ಕಡ್ಡಿ ಹಿಡಿದು ಟೋಪಿ ಹೆಣೆಯುತ್ತಾಳೆ. ಒಂದನೇ ತರಗತಿಗೆ ಸೇರಿದ ಮಕ್ಕಳಿಗೆಲ್ಲ ಧನುರ್ಮಾಸದ ಚಳಿ ಬೀಳುವ ಮುಂಚೆ ಒಂದೊಂದು ಟೋಪಿ ಕೊಡುವುದನ್ನು ಅವಳು ಹದಿನೈದು ವರ್ಷದಿಂದ ನಡೆಸಿಕೊಂಡು ಬಂದಿದ್ದಾಳೆ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ.

ಸಾಲಿಗ್ರಾಮದ ಕಡೆಯಿಂದ ವರ್ಗವಾಗಿ ಬಂದ ಹೆಡ್‌ಮಾಸ್ಟರ್ ರೇಣುಕಾಪ್ರಸಾದ್ ಬಂದ ಹೊಸದರಲ್ಲಿ ಆ ಕೈಚಳಕ ನೋಡಿ ಬೆರಗಾಗಿ ನಿಂತುಬಿಟ್ಟಿದ್ದರು.

"ಈ ಹೆಣಿಗೆ ಎಲ್ಲಿ ಕಲಿತಿರಿ ಚಿಕ್ಕಸಿದ್ದಮ್ಮ? ನಮ್ಮ ಕಡೆ ಹೆಂಗಸರು ಇದನ್ನು ಮಾಡೋದು ನಾನು ಕಂಡೇ ಇಲ್ಲ."

"ಕ್ಯಾಂಪಲ್ಲಿ ನನ್ ಗೆಳತಿ ಒಬ್ಳಿದ್ಲು ಸಾ. ಅವಳು ಏಳ್ಕೊಟ್ಲು."

"ಈಗ ಎಲ್ಲಿದ್ದಾರೆ ಅವರು?"

"ಕೆನಡಾ."

ಹುಣಸೂರು ದಾಟಿದರೆ ಸಿಗುವ ಯಾವುದೋ ಊರಿನ ಹೆಸರು ಹೇಳುವ ಹಾಗೆ ಹೇಳಿ, ಅವಳು ಮತ್ತೆ ಕಡ್ಡಿಗಳ ಕಡೆ ತಿರುಗಿದ್ದಳು. ಮಾಸ್ಟರಿಗೆ ಇನ್ನೂ ಕೇಳಬೇಕೆನಿಸಿತ್ತು. ಆದರೆ ಆ ಮುಖ ನೋಡಿ ತರಗತಿಯ ಕಡೆ ನಡೆದರು.

ಚಿಕ್ಕಸಿದ್ದಮ್ಮ ಹುಟ್ಟಿದ್ದು ಹ್ಯಾಂಡ್‌ಪೋಸ್ಟ್ ಎನ್ನುವ ಊರಿನ ಕಡೆ. ಏಳನೇ ತರಗತಿ ಪಾಸಾದ ಮೇಲೆ ಹೈಸ್ಕೂಲಿಗೆ ಕಳಿಸಿ ಎಂದು ಮೂರು ದಿನ ಅತ್ತಳು, ಕಳಿಸಲಿಲ್ಲ. ಹತ್ತೊಂಬತ್ತಕ್ಕೆ ದಾಸಯ್ಯನನ್ನು ಮದುವೆಯಾಗಿ ಪಿರಿಯಾಪಟ್ಟಣ ತಾಲ್ಲೂಕಿನ ಕೆಂಚನಕೊಪ್ಪಲಿಗೆ ಬಂದಳು. ಬಂದ ತಿಂಗಳಿಗೇ ಊರಿನ ಹೆಂಗಸರ ಜೊತೆ ಬುತ್ತಿ ಕಟ್ಟಿಕೊಂಡು ಎರಡು ಮೈಲಿ ನಡೆದು, ಬೈಲಕುಪ್ಪೆಯ ಟಿಬೆಟಿನವರ ಕ್ಯಾಂಪಿಗೆ ಜೋಳದ ಹೊಲದ ಕಳೆ ಕೀಳಲು ಹೋದಳು.

ಆ ಹೊಲದ ಮನೆಯವಳೇ ಪೆಮಾ. ಊರಿನವರ ಬಾಯಲ್ಲಿ ಪೇಮಕ್ಕ. ಚಿಕ್ಕಸಿದ್ದಮ್ಮನಿಗಿಂತ ಎರಡು ವರ್ಷಕ್ಕೆ ದೊಡ್ಡವಳು. ಹುಟ್ಟಿದ್ದು ಇದೇ ಕ್ಯಾಂಪಿನಲ್ಲಿ. ಅವಳ ಅಪ್ಪ ಅಮ್ಮ ಕಾಡು ಕಡಿದು ಹೊಲ ಮಾಡಿದವರು. ಅವಳು ಕನ್ನಡ ಕಲಿತಿದ್ದು ಕಳೆ ಕೀಳಲು ಬರುವ ಕೂಲಿ ಹೆಂಗಸರಿಂದ. ಹಾಗಾಗಿ ಕಣ್ಣು ಮುಚ್ಚಿ ಕೇಳಿದರೆ ಪಕ್ಕದ ಊರಿನ ಹೆಂಗಸು ಮಾತಾಡಿದಂತೆಯೇ ಇರುತ್ತಿತ್ತು.

ಮೊದಲ ದಿನ ಮಧ್ಯಾಹ್ನ ಪೇಮಕ್ಕ ಎಲ್ಲರನ್ನೂ ಚಾಕ್ಕೆ ಕರೆದಳು. ಬೇರೆ ಹೆಂಗಸರು ಜಗಲಿಯ ಮೇಲೆ ಕೂತರು. ಚಿಕ್ಕಸಿದ್ದಮ್ಮ ಅವರ ಕೇರಿಯವಳಲ್ಲ. ಅವಳು ಅಂಗಳದ ಸೀಬೆಮರದ ಕೆಳಗೆ, ಹುಟ್ಟಿದಾಗಿನಿಂದ ಅಭ್ಯಾಸವಾದ ದೂರದಲ್ಲಿ, ನಿಂತಳು.

"ನೀನ್ಯಾಕಮ್ಮಿ ಅಲ್ಲಿ ನಿಂತೆ? ಬಾ ಒಳಿಕ್ಕೆ."

"ಇಲ್ಲ ಬುಡಿ, ಇಲ್ಲೇ ಕೊಡಿ. ನಾವು ಒಳಿಕ್ಕೆ ಬರಾಕಿಲ್ಲ."

"ಯಾಕೆ, ನಾಯಿ ಭಯವಾ? ಕಟ್ಟಾಕಿವ್ನಿ ಬಾ."

ಜಗಲಿಯ ಮೇಲಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೇಮಕ್ಕನಿಗೆ ನಿಜವಾಗಿಯೂ ತಿಳಿಯಲಿಲ್ಲವೋ, ತಿಳಿದೂ ಹಾಗೆಂದಳೋ, ಚಿಕ್ಕಸಿದ್ದಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಕೈಹಿಡಿದು ಎಳೆದುಕೊಂಡೇ ಹೋದಳು. ಒಳಗೆ ಜಮಖಾನೆ ಹಾಸಿದ ಮಂಚದ ಮೇಲೆ ಕೂರಿಸಿ, ತಾನು ಕುಡಿಯುವ ಪಿಂಗಾಣಿ ಬಟ್ಟಲಲ್ಲೇ ಚಾ ಬಗ್ಗಿಸಿದಳು. ಒಂದು ಗುಟುಕು ಬಾಯಿಗೆ ಹೋದದ್ದೇ ಚಿಕ್ಕಸಿದ್ದಮ್ಮನ ಕಣ್ಣು ಅಗಲವಾಯಿತು. ಚಾದಲ್ಲಿ ಸಕ್ಕರೆ ಇರಲಿಲ್ಲ, ಉಪ್ಪೂ ಬೆಣ್ಣೆಯೂ ಇದ್ದವು. ಉಗುಳುವಂತಿಲ್ಲ, ನುಂಗುವಂತಿಲ್ಲ. ಪೇಮಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕುಡಿ ಕುಡಿ. ಮೂರು ದಿಸ ಹೋದ್ರೆ ನೀನೇ ಕೇಳ್ತೀಯ."

ಮೂರು ದಿನ ಸಾಲಲಿಲ್ಲ, ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಇಬ್ಬರೂ ಒಬ್ಬರನ್ನು ಬಿಟ್ಟು ಒಬ್ಬರು ಇರಲಾರದಂತಾಗಿದ್ದರು.

ಪೇಮಕ್ಕನ ಗಂಡ ತಾಶಿ ಚಳಿಗಾಲದಲ್ಲಿ ಸ್ವೆಟರ್ ಮೂಟೆ ಕಟ್ಟಿಕೊಂಡು ಹುಬ್ಬಳ್ಳಿ ಕಡೆ ವ್ಯಾಪಾರಕ್ಕೆ ಹೋಗುತ್ತಿದ್ದ. ಮಾರಾಟವಾಗದೆ ಉಳಿದ, ನುಸಿ ಹಿಡಿದ ಸ್ವೆಟರುಗಳನ್ನು ಪೇಮಕ್ಕ ಬಿಚ್ಚಿ ದಾರ ಸುತ್ತಿಕೊಂಡು ಮತ್ತೆ ಹೆಣೆಯುತ್ತಿದ್ದಳು. ಮಳೆ ಹಿಡಿದು ಹೊಲದ ಕೆಲಸ ನಿಂತ ದಿನಗಳಲ್ಲಿ ಚಿಕ್ಕಸಿದ್ದಮ್ಮನನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದಳು. ಮೊದಲು ಹೆಣೆದ ಕಾಲುಚೀಲ ಒಂದು ಮೊಣಕಾಲಿಗೆ ಬರುವಷ್ಟು, ಇನ್ನೊಂದು ಮಗುವಿಗಾಗುವಷ್ಟು ಆಯಿತು. ದಾಸಯ್ಯ ಎರಡನ್ನೂ ಹಾಕಿಕೊಂಡು ಕೇರಿಯಲ್ಲಿ ಒಂದು ಸುತ್ತು ನಡೆದು ಬಂದ.

ಮಗಳು ಸಿಂಧು ಹುಟ್ಟಿದ ಮೇಲೆ ಚಿಕ್ಕಸಿದ್ದಮ್ಮ ಅವಳನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಕ್ಯಾಂಪಿಗೆ ಹೋಗತೊಡಗಿದಳು. ಪೇಮಕ್ಕನಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಅವಳು ಎಂದೂ ಆಡಲಿಲ್ಲ, ಚಿಕ್ಕಸಿದ್ದಮ್ಮ ಕೇಳಲಿಲ್ಲ. ಆದರೆ ಮಗು ಹೊಲದ ಬದುವಿನಲ್ಲಿ ಮಲಗಿದ್ದರೆ ಪೇಮಕ್ಕ ಕೈಗೆ ಮೆತ್ತಿದ ಮಣ್ಣು ಒರೆಸಿಕೊಂಡು ಬಂದು, ಇರುವೆ ಬಂತೇನೋ ಎಂದು ಗಳಿಗೆಗೊಮ್ಮೆ ನೋಡಿ ಹೋಗುತ್ತಿದ್ದಳು.

ಸಿಂಧುವಿಗೆ ನಾಲ್ಕು ವರ್ಷವಾಗಿದ್ದಾಗ ಜ್ವರ ಎದೆಗೆ ಇಳಿಯಿತು. ಒಂಬತ್ತು ದಿನ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಚಿಕ್ಕಸಿದ್ದಮ್ಮ ಬೆಟ್ಟದಪುರದ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತಳು: ಮಗು ಎದ್ದು ಓಡಾಡಿದರೆ ಬರಿಗಾಲಲ್ಲಿ ಬೆಟ್ಟ ಹತ್ತುತ್ತೇನೆ. ಅದೇ ಹೊತ್ತಿಗೆ ಇತ್ತ ಪೇಮಕ್ಕ ಕ್ಯಾಂಪಿನ ದೇವಸ್ಥಾನದಲ್ಲಿ ನೂರೆಂಟು ದೀಪ ಹಚ್ಚಿಸಿ, ಗೋಡೆಯುದ್ದಕ್ಕೂ ಸಾಲಾಗಿ ನಿಂತ ಮಂತ್ರದ ಉರುಳೆಗಳನ್ನು ದಿನಕ್ಕೆ ಮೂರು ಸಲ ಸುತ್ತಿ ತಿರುಗಿಸುತ್ತಿದ್ದಳು. ಮಗು ಎದ್ದು ಕೂತಿತು, ಇಡ್ಲಿ ಕೇಳಿತು.

"ನಮ್ಮ್ ಮಲ್ಲಪ್ಪ ಕಾಪಾಡ್ದ ಕಣಕ್ಕ" ಎಂದಳು ಚಿಕ್ಕಸಿದ್ದಮ್ಮ.

"ನಿಮ್ ಮಲ್ಲಪ್ಪ ಬೆಟ್ಟದ ಮೇಲಿಂದ ಇಳಿದು ಬರೋಷ್ಟರಲ್ಲಿ ನಮ್ ತಾರಾದೇವಿ ಬಂದು ಕೆಲ್ಸ ಮುಗಿಸಿ ಹೋಗಿದ್ಲು."

ಅದೊಂದು ದೊಡ್ಡ ಜಗಳವೇ ಆಯಿತು. ನಗುವಿನ ಜಗಳ. ಕೊನೆಗೆ ಯಾರಿಗೂ ಬೇಜಾರಾಗದಿರಲಿ ಎಂದು ಒಬ್ಬರ ಹರಕೆಯನ್ನು ಇನ್ನೊಬ್ಬರು ತೀರಿಸುವುದೆಂದು ತೀರ್ಮಾನವಾಯಿತು. ಪೇಮಕ್ಕ ಸಿಂಧುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟದಪುರದ ಸಾವಿರಾರು ಮೆಟ್ಟಿಲು ಬರಿಗಾಲಲ್ಲಿ ಹತ್ತಿದಳು. ಚಿಕ್ಕಸಿದ್ದಮ್ಮ ಮಂಗಳವಾರ ಮಂಗಳವಾರ ಕ್ಯಾಂಪಿನ ದೇವಸ್ಥಾನ ಸುತ್ತಿ ಉರುಳೆ ತಿರುಗಿಸಲು ಶುರುಮಾಡಿದಳು. ಪೇಮಕ್ಕ ಹೊತ್ತಿದ್ದ ಹರಕೆ ಇಪ್ಪತ್ತೊಂದು ವಾರದ್ದು. ಅವಳು ನಿಲ್ಲಿಸಲೇ ಇಲ್ಲ.

ಶಾಲೆಯಲ್ಲಿ ಬಿಸಿಯೂಟ ಬಂದು ಅಡಿಗೆಗೆ ಚಿಕ್ಕಸಿದ್ದಮ್ಮನನ್ನು ನೇಮಿಸಿದಾಗ ಊರಿನ ಕೆಲವು ಮನೆಯವರು ಮಕ್ಕಳ ಕೈಗೆ ಡಬ್ಬಿ ಕೊಟ್ಟು ಕಳಿಸತೊಡಗಿದರು. ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಹದಿನಾಲ್ಕು ಡಬ್ಬಿ. ಚಿಕ್ಕಸಿದ್ದಮ್ಮ ಬಡಿಸುತ್ತ ಬಂದು ಆ ಹದಿನಾಲ್ಕು ಮಕ್ಕಳ ಹತ್ತಿರ ತಲೆ ಬಗ್ಗಿಸಿಕೊಂಡು ಮುಂದೆ ದಾಟಬೇಕಾಗಿತ್ತು. ಈ ಮಾತನ್ನು ಪೇಮಕ್ಕನಿಗೆ ಹೇಳಿ ಅತ್ತಳು. ಪೇಮಕ್ಕ ಮಾರನೆಯ ದಿನ ಹನ್ನೆರಡೂವರೆಗೆ ಶಾಲೆಗೆ ಬಂದು, ಡಬ್ಬಿಯ ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಬಡಿಸಮ್ಮಿ. ಏನ್ ಸಾರು ಇವತ್ತು? ವಾಸನೆ ರೋಡ್ ತನಕ ಬತ್ತಾ ಅದೆ."

ಎರಡು ಸಲ ಅನ್ನ ಹಾಕಿಸಿಕೊಂಡು, ಬೆರಳು ಚೀಪಿಕೊಂಡು ಉಂಡಳು. ಆವತ್ತು ಯಾವ ಮಗುವೂ ಡಬ್ಬಿ ಬಿಟ್ಟು ಬರಲಿಲ್ಲ. ಆದರೆ ಹುರುಳಿಕಾಳಿನ ಬಸ್ಸಾರು ಮಾಡುವ ಗುರುವಾರಗಳಲ್ಲಿ ಮೊದಲು ಒಬ್ಬ ಹುಡುಗಿ, ಆಮೇಲೆ ಅವಳ ತಮ್ಮ, ಆಮೇಲೆ ಇನ್ನಿಬ್ಬರು ತಟ್ಟೆ ಹಿಡಿದರು. ವರ್ಷ ಕಳೆಯುವ ಹೊತ್ತಿಗೆ ಮೂರು ಡಬ್ಬಿ ಉಳಿದಿದ್ದವು. ಆ ಮಕ್ಕಳು ಏಳನೇ ತರಗತಿ ಮುಗಿಸಿ ಹೋಗುವವರೆಗೂ ಆ ಮೂರು ಹಾಗೇ ಇದ್ದವು.

ತಾಶಿಯ ಅಣ್ಣ ಕೆನಡಾದಲ್ಲಿದ್ದ. ಮೊದಲು ತಾಶಿ ಹೋದ. ನಾಲ್ಕು ವರ್ಷ ಕಾಗದಪತ್ರಕ್ಕೆ ಕಾದು ಪೇಮಕ್ಕನೂ ಹೊರಟಳು. ಹೊರಡುವ ಹಿಂದಿನ ದಿನ ಅವಳು ಕೆಂಚನಕೊಪ್ಪಲಿಗೆ ಬಂದಾಗ ಕಂಕುಳಲ್ಲಿ ನಾಯಿ ಇತ್ತು. ಜೇನಿನ ಬಣ್ಣದ ಉದ್ದ ಕೂದಲು, ಆ ಕೂದಲಿನ ಹಿಂದೆ ಎಲ್ಲೋ ಎರಡು ಕಣ್ಣು. ವಯಸ್ಸು ಎರಡು ವರ್ಷ. ಹೆಸರು ಸೆಂಗೆ. ಅವರ ಭಾಷೆಯಲ್ಲಿ ಸಿಂಹ ಎಂದರ್ಥ.

"ಮೂರು ವರ್ಷ ಸಿದ್ದಮ್ಮಿ. ಮೂರೇ ವರ್ಷ. ಅಲ್ಲಿನ ಪಾಸ್‌ಪೋರ್ಟ್ ಆದ ತಕ್ಷಣ ಬತ್ತೀನಿ. ಅಲ್ಲೀವರ್ಗೂ ಇವನ್ನ ನೋಡ್ಕೊ."

ತನ್ನ ಕೊರಳಲ್ಲಿದ್ದ ಬಿಳಿ ರೇಷ್ಮೆಯ ಶಾಲು ತೆಗೆದು ಚಿಕ್ಕಸಿದ್ದಮ್ಮನ ಕೊರಳಿಗೆ ಹಾಕಿ, ಹಣೆಗೆ ಹಣೆ ಮುಟ್ಟಿಸಿದಳು. ಚಿಕ್ಕಸಿದ್ದಮ್ಮ ಅಳಲಿಲ್ಲ. ಆ ಹೊತ್ತಿಗೆ ನಾಯಿ ಕೈಯಿಂದ ಜಾರಿ ಓಡಲು ನೋಡುತ್ತಿತ್ತು. ಅದನ್ನು ಹಿಡಿದುಕೊಳ್ಳುವುದರಲ್ಲೇ ಆ ಗಳಿಗೆ ಕಳೆದುಹೋಯಿತು. ಆಮೇಲೆ ಎಷ್ಟೋ ವರ್ಷ ಅವಳಿಗೆ ಅದೇ ಕೊರಗು. ಸರಿಯಾಗಿ ಮುಖ ನೋಡಿಕೊಳ್ಳಲಿಲ್ಲವಲ್ಲ ಎಂದು.

ದಾಸಯ್ಯ ಸಂಜೆ ಬಂದು ನಾಯಿಯನ್ನು ಸುತ್ತು ಹಾಕಿ ನೋಡಿದ. "ಇದೇನಮ್ಮಿ ಇದು, ನಾಯೋ ಕುರಿಯೋ? ಇದರ ಮುಖ ಯಾವ ಕಡೀಕಿರದು?" ಎಂದ. ಸೆಂಗೆ ಎನ್ನುವುದು ಅವನ ಬಾಯಲ್ಲಿ ಸಂಗಣ್ಣ ಆಯಿತು. ಸಂಗಣ್ಣ ಎರಡು ದಿನ ರಾಗಿಹಿಟ್ಟು ಮುಟ್ಟಲಿಲ್ಲ. ಮೂರನೆಯ ದಿನ ಮುಟ್ಟಿದ. ಆಮೇಲೆ ದಾಸಯ್ಯನ ತಟ್ಟೆಯ ಪಕ್ಕ ಕೂತು ಮೊದಲ ತುತ್ತು ತನಗೇ ಬರಬೇಕೆನ್ನುವಷ್ಟು ಸಲಿಗೆಯವನಾದ.

ಆದರೆ ಮೊದಲ ಒಂದು ತಿಂಗಳು ಬೆಳಗಾದರೆ ನಾಯಿ ಮನೆಯಲ್ಲಿರುತ್ತಿರಲಿಲ್ಲ. ಎರಡು ಮೈಲಿ ಓಡಿ ಕ್ಯಾಂಪಿನ ಮನೆಯ ಬಾಗಿಲಲ್ಲಿ ಕೂತಿರುತ್ತಿತ್ತು. ಚಿಕ್ಕಸಿದ್ದಮ್ಮ ಶಾಲೆಯ ಕೆಲಸಕ್ಕೆ ಮುಂಚೆ ನಡೆದು ಹೋಗಿ, "ಶೋ ಶೋ ಸೆಂಗೆ" ಎಂದು ಪೇಮಕ್ಕ ತನ್ನ ಭಾಷೆಯಲ್ಲಿ ಬಾ ಬಾ ಎನ್ನುತ್ತಿದ್ದ ಹಾಗೆಯೇ ಕರೆದು, ಎತ್ತಿಕೊಂಡು ಬರುತ್ತಿದ್ದಳು. ಬೀಗ ಹಾಕಿದ ಆ ಬಾಗಿಲು, ಸೀಬೆಮರ, ಮಾಡಿನ ತುದಿಗೆ ಕಟ್ಟಿದ ಬಣ್ಣ ಮಾಸಿದ ಮಂತ್ರದ ಬಾವುಟ ಇವನ್ನೆಲ್ಲ ನೋಡಿಕೊಂಡು ಬರಲು ಅವಳಿಗೂ ಒಂದು ನೆಪ. ತಿಂಗಳಾದ ಮೇಲೆ ನಾಯಿ ಓಡುವುದನ್ನು ನಿಲ್ಲಿಸಿತು. ಚಿಕ್ಕಸಿದ್ದಮ್ಮನ ಕಾಲು ಮಾತ್ರ ಬೆಳಿಗ್ಗೆ ಎದ್ದರೆ ಆ ದಾರಿಗೇ ಎಳೆಯುತ್ತಿತ್ತು. ಮಂಗಳವಾರವಾದರೆ ಸರಿ, ಉಳಿದ ದಿನ ಏನು ಹೇಳಿಕೊಂಡು ಹೋಗುವುದು?

ಮೂರು ವರ್ಷ ಕಳೆಯಿತು. ಪೇಮಕ್ಕನ ಪಾಸ್‌ಪೋರ್ಟ್ ಆಗಲಿಲ್ಲ. ಐದು ವರ್ಷಕ್ಕೆ ಆಯಿತು ಎನ್ನುವಾಗ ತಾಶಿಗೆ ಆಪರೇಷನ್ ಆಯಿತು. ಅದು ಮುಗಿಯಿತು ಎನ್ನುವಾಗ ಕೊರೋನಾ ಬಂತು. ಆಮೇಲೆ ಪೇಮಕ್ಕನ ಮಂಡಿಯೇ ಕೈಕೊಟ್ಟಿತು. ಅಷ್ಟರಲ್ಲಿ ಸಿಂಧು ನರ್ಸಿಂಗ್ ಓದಿ, ಮದುವೆಯಾಗಿ, ಹುಣಸೂರಿನಲ್ಲಿ ಮನೆ ಮಾಡಿದ್ದಳು. ಅವ್ವನಿಗೆ ಒಂದು ಒಳ್ಳೆಯ ಫೋನ್ ಕೊಡಿಸಿ, ಮುಖ ನೋಡಿ ಮಾತಾಡುವುದನ್ನು ಹೇಳಿಕೊಟ್ಟಳು. ಅಲ್ಲಿ ಬೆಳಗಾಗುವ ಹೊತ್ತಿಗೆ ಇಲ್ಲಿ ದೀಪ ಹಚ್ಚುವ ಹೊತ್ತು. ಭಾನುವಾರ ಸಂಜೆ ಚಿಕ್ಕಸಿದ್ದಮ್ಮ ಮುಖ ತೊಳೆದು, ಹೂ ಮುಡಿದು, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಕೂರುತ್ತಿದ್ದಳು.

ಪೇಮಕ್ಕ ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಕಿಟಕಿಯಾಚೆ ಹಿಮ ತೋರಿಸುತ್ತಿದ್ದಳು. ಮೊದಮೊದಲು ಗಂಟೆಗಟ್ಟಲೆ ಮಾತು. ಬರಬರುತ್ತ ಅವಳು ಕನ್ನಡದ ಪದಕ್ಕೆ ತಡಕಾಡತೊಡಗಿದಳು. "ಅದೇ... ಅದು ಏನಂತಾರೆ..." ಎಂದು ನಿಲ್ಲುತ್ತಿದ್ದಳು. ಚಿಕ್ಕಸಿದ್ದಮ್ಮ ಪದ ಹುಡುಕಿಕೊಡುತ್ತಿದ್ದಳು. ಆದರೆ ಎಲ್ಲ ಸಲವೂ ತಪ್ಪದೆ, ಸಲೀಸಾಗಿ ಬರುತ್ತಿದ್ದ ಮಾತು ಒಂದೇ: "ಸೆಂಗೆ ಎಲ್ಲಿ? ತೋರ್ಸು." ಚಿಕ್ಕಸಿದ್ದಮ್ಮ ನಾಯಿಯನ್ನು ಎತ್ತಿ ಹಿಡಿದರೆ ಪೇಮಕ್ಕ ಅವರ ಭಾಷೆಯಲ್ಲಿ ಅದರ ಜೊತೆ ಏನೇನೋ ಮಾತಾಡುತ್ತಿದ್ದಳು. ನಾಯಿ ಫೋನಿನ ಹಿಂದೆ ಹೋಗಿ ಮೂಸಿ ನೋಡುತ್ತಿತ್ತು.

ಎರಡೂವರೆ ವರ್ಷದ ಹಿಂದೆ, ಶ್ರಾವಣದಲ್ಲಿ, ಸಂಗಣ್ಣ ಸತ್ತ. ಹನ್ನೆರಡು ವರ್ಷವಾಗಿತ್ತು, ಕಣ್ಣು ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಿಕ್ಕಸಿದ್ದಮ್ಮ ಹೊಸಿಲು ಸಾರಿಸಲು ಬಾಗಿದಾಗ ನಾಯಿ ಗೋಣಿಯ ಮೇಲೆ ಮಲಗಿದ್ದ ಹಾಗೆಯೇ ತಣ್ಣಗಾಗಿತ್ತು. ದಾಸಯ್ಯ ಹೊಲದ ಬದುವಿನ ಹೊಂಗೆಮರದ ಕೆಳಗೆ ಗುಂಡಿ ತೋಡಿದ. ತೋಡುತ್ತ ತೋಡುತ್ತ ಅವನೇ ಕುಸಿದು ಕೂತು ಅತ್ತುಬಿಟ್ಟ. ಚಿಕ್ಕಸಿದ್ದಮ್ಮ ತಾನು ಹೆಣೆದಿದ್ದ ಒಂದು ಹಳೆಯ ಹೊದಿಕೆ ಸುತ್ತಿ ಮಲಗಿಸಿದಳು.

ಆ ಭಾನುವಾರ ಪೇಮಕ್ಕ ಎಂದಿನಂತೆ ಕೇಳಿದಳು. "ಸೆಂಗೆ ಎಲ್ಲಿ?"

"ಮಲಗವ್ನೆ ಕಣಕ್ಕ" ಎಂದಳು ಚಿಕ್ಕಸಿದ್ದಮ್ಮ.

ಯಾಕೆ ಹಾಗೆಂದೆ ಎಂದು ಅವಳಿಗೇ ತಿಳಿಯಲಿಲ್ಲ. ಮುಂದಿನ ವಾರ ಹೇಳೋಣ ಎಂದುಕೊಂಡಳು. ಮುಂದಿನ ವಾರ "ಹೊರಿಕ್ಕೆ ಓಡೋದ" ಎಂದಳು. ಅದರ ಮುಂದಿನ ವಾರ "ದಾಸಯ್ಯನ ಜೊತೆ ಹೊಲಕ್ಕೋಗವ್ನೆ." ಹಾಗೇ ತಿಂಗಳುಗಳು ಉರುಳಿದವು. ಸಿಂಧು ಬಂದಾಗ ಗದರಿದಳು.

"ಅವ್ವ, ಹೇಳ್ಬುಡು. ಸತ್ತೋಗಿರೋ ನಾಯೀನ ಎಷ್ಟ್ ದಿಸ ಬದುಕಿಸ್ತೀಯ?"

"ಏಳಿದ್ರೆ ಇಲ್ಲಿ ಅವಳಿಗೆ ಇನ್ನೇನ್ ಅದೆ ಮಗ? ಅವ್ವ ಇಲ್ಲ, ಅಪ್ಪ ಇಲ್ಲ. ನಾಯಿ ನೋಡಾಕಾದ್ರೂ ಬತ್ತಾಳೆ."

"ನೀನಿಲ್ವಾ?" ಎನ್ನಬೇಕೆಂದಿದ್ದ ಸಿಂಧು ಅವ್ವನ ಮುಖ ನೋಡಿ ಅನ್ನದೆ ಬಿಟ್ಟಳು.

ಕೊನೆಗೂ ಪೇಮಕ್ಕ ಬಂದಳು. ಹೋದ ವರ್ಷ ಅವರ ಹೊಸವರ್ಷದ ಹಬ್ಬ ಲೋಸರ್‌ಗೆ, ಹತ್ತು ದಿನದ ಮಟ್ಟಿಗೆ. ಸುದ್ದಿ ಕೇಳಿದ ದಿನದಿಂದ ಚಿಕ್ಕಸಿದ್ದಮ್ಮನಿಗೆ ಸಂತೋಷ ಒಂದು ಕಡೆ, ಹೇಳಿದ ಸುಳ್ಳಿನ ಭಯ ಒಂದು ಕಡೆ. ಬಂದಳೆಂದು ತಿಳಿದ ಸಂಜೆಯೇ ಅವರೆಕಾಳು ಹಿದುಕಿ ಡಬ್ಬಿಗೆ ತುಂಬಿಕೊಂಡು, ಆರು ತಿಂಗಳಿನಿಂದ ಹೆಣೆದಿದ್ದ ಕೆಂಪು ಶಾಲು ಕವರಿಗೆ ಹಾಕಿಕೊಂಡು ಕ್ಯಾಂಪಿಗೆ ನಡೆದಳು.

ಮನೆ ತುಂಬ ಜನ. ಈಗ ಆ ಮನೆಯಲ್ಲಿ ಪೇಮಕ್ಕನ ಚಿಕ್ಕಪ್ಪನ ಮಗನ ಸಂಸಾರವಿತ್ತು. ನೆಂಟರು, ಕ್ಯಾಂಪಿನವರು, ಸನ್ಯಾಸಿಗಳು ಬಂದು ಹೋಗುತ್ತಿದ್ದರು. ನಡುವೆ ಕುರ್ಚಿಯ ಮೇಲೆ ಕೂತಿದ್ದ ಹೆಂಗಸು ಕೂದಲು ಕತ್ತರಿಸಿಕೊಂಡಿದ್ದಳು, ದಪ್ಪವಾಗಿದ್ದಳು, ಕನ್ನಡಕ ಹಾಕಿದ್ದಳು. ಕಷ್ಟಪಟ್ಟು ಎದ್ದು ಬಂದು ಚಿಕ್ಕಸಿದ್ದಮ್ಮನನ್ನು ತಬ್ಬಿಕೊಂಡಳು. ಇಬ್ಬರ ಕಣ್ಣಲ್ಲೂ ನೀರು. ಆಮೇಲೆ ಪೇಮಕ್ಕ ಹಿಂದೆ ಸರಿದು, ನಗುತ್ತ, ಮಾತು ಹುಡುಕಿ ಕೇಳಿದಳು.

"ಚೆನ್ನಾಗಿದೀರಾ?"

ಇಪ್ಪತ್ತು ವರ್ಷ "ಏನಮ್ಮಿ", "ಬಾರೇ", "ಎದ್ದೋಗೆ" ಎಂದೇ ಮಾತಾಡಿಸಿದ್ದ ಬಾಯಿ. ಆ "ದೀರಾ" ಎನ್ನುವುದು ಚಿಕ್ಕಸಿದ್ದಮ್ಮನ ಎದೆಗೆ ಮುಳ್ಳಿನಂತೆ ಚುಚ್ಚಿತು. ಅವಳು ಗೌರವಕ್ಕೆ ಅಂದದ್ದಲ್ಲ, ಮರೆತು ಅಂದದ್ದು ಎಂದು ಗೊತ್ತಿತ್ತು. ಗೊತ್ತಿದ್ದರೂ ನೋವು ಕಡಿಮೆಯಾಗಲಿಲ್ಲ.

"ಚೆನ್ನಾಗಿವ್ನಿ ಕಣಕ್ಕ."

"ಸೆಂಗೆ?"

ಅಷ್ಟು ಜನರ ನಡುವೆ ಬಾಯಿ ಬರಲಿಲ್ಲ. "ಮನೇಲವ್ನೆ" ಎಂದುಬಿಟ್ಟಳು.

"ನಾಳೆ ಬರ್ತೀನಿ. ನೋಡಲು."

ನಾಳೆ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಹಬ್ಬ, ಪೂಜೆ, ನೆಂಟರ ಮನೆಯ ಊಟ. ಚಿಕ್ಕಸಿದ್ದಮ್ಮ ಪ್ರತಿ ದಿನ ಮನೆ ಸಾರಿಸಿ, ತಲೆ ಬಾಚಿಕೊಂಡು ಶಾಲೆಗೆ ಹೋಗುತ್ತಿದ್ದಳು. ಸಂಜೆ ಬಸ್ ಬರುವ ಹೊತ್ತಿಗೆ ಬಾಗಿಲಲ್ಲಿ ಕೂರುತ್ತಿದ್ದಳು. ಹನ್ನೊಂದು ವರ್ಷ ಕಾಯುವಾಗ ಇಲ್ಲದ ಸಂಕಟ ಆ ಆರು ದಿನದಲ್ಲಿ ಅವಳನ್ನು ಹಿಂಡಿತು. ಆಗೆಲ್ಲ ಪೇಮಕ್ಕ ಸಮುದ್ರದಾಚೆ ಇದ್ದಳು. ಈಗ ಎರಡು ಮೈಲಿ ದೂರದಲ್ಲಿದ್ದೂ ಬಂದಿಲ್ಲ.

ಏಳನೆಯ ದಿನ ಹನ್ನೊಂದು ಗಂಟೆಗೆ ಶಾಲೆಯ ಗೇಟಿನ ಮುಂದೆ ಆಟೋ ನಿಂತಿತು. ಪೇಮಕ್ಕ ಕೋಲೂರಿಕೊಂಡು ಇಳಿದು ನೇರ ಅಡಿಗೆ ಕೋಣೆಗೆ ಬಂದಳು. ಮರಮ್ಮ ಸ್ಟೂಲ್ ತಂದು ಕೊಟ್ಟಳು. ಚಿಕ್ಕಸಿದ್ದಮ್ಮ ಕೈಯಲ್ಲಿ ಸೌಟು ಹಿಡಿದಿದ್ದ ಹಾಗೆಯೇ, ಪೇಮಕ್ಕ ಕೇಳುವ ಮುಂಚೆಯೇ ಹೇಳಿದಳು.

"ಅಕ್ಕ, ಸೆಂಗೆ ಇಲ್ಲ ಕಣಕ್ಕ. ಸತ್ತೋಗಿ ಒಂದೂವರೆ ವರ್ಷ ಆಯ್ತು. ನಾನು ಸುಳ್ಳೇಳ್ದೆ."

ಪೇಮಕ್ಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಒಲೆಯ ಮೇಲೆ ಬೇಳೆ ಕುದಿಯುತ್ತಿತ್ತು.

"ವಾರ ವಾರ ಕೇಳ್ತಿದ್ದೆ ನಾನು."

"ಊ."

"ಮಲಗವ್ನೆ ಅಂತಿದ್ದೆ."

"ಊ."

"ಯಾಕೆ?"

"ನಾಯೂ ಇಲ್ಲ ಅಂದ್ರೆ ನೀನು ಬರಾಕಿಲ್ಲ ಅಂದ್ಕಂಡೆ."

ಪೇಮಕ್ಕನ ಮುಖ ಕೆಂಪಾಯಿತು. ಕೋಲನ್ನು ನೆಲಕ್ಕೆ ಕುಟ್ಟಿದಳು. "ಮೂರು ಪ್ಲೇನ್ ಹತ್ತಿ ಇಳ್ದು, ಈ ಮಂಡಿ ಇಟ್ಕಂಡು ನಾಯಿ ನೋಡಾಕ್ ಬತ್ತಾರೇನೇ, ಹುಚ್ಚುಮುಂಡೆ! ನಾಯಿಗ್ಯಾರೇ ಫೋನ್ ಮಾಡ್ತಾರೆ ವಾರ ವಾರ? ನಿಂಗೆ ಒಂಚೂರಾದ್ರೂ ಬುದ್ಧಿ ಬ್ಯಾಡ್ವಾ?"

ಬೈಗುಳ ಒಂದರ ಹಿಂದೊಂದು ಬಂತು. ಕೂಲಿ ಹೆಂಗಸರಿಂದ ಕಲಿತದ್ದು ಯಾವುದೂ ಮರೆತಿರಲಿಲ್ಲ. ಮರಮ್ಮ ದಂಗಾಗಿ ಬಾಗಿಲಲ್ಲಿ ನಿಂತಳು. ಚಿಕ್ಕಸಿದ್ದಮ್ಮ ಸೌಟು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಳುತ್ತಲೇ ನಕ್ಕಳು.

ಆವತ್ತು ಪೇಮಕ್ಕ ಮಕ್ಕಳ ಊಟ ಮುಗಿಯುವವರೆಗೂ ಇದ್ದಳು. ಸ್ಟೂಲಿನ ಮೇಲೆ ಕೂತು ಒಂದು ಮೊರ ಬೆಳ್ಳುಳ್ಳಿ ಬಿಡಿಸಿಕೊಟ್ಟಳು. ಕೈ ಕೆಲಸ ಮಾಡುತ್ತ ಮಾಡುತ್ತ ಮಾತೂ ಬಂತು. ಟೊರಾಂಟೊದಲ್ಲಿ ನಾನು ನೋಡಿಕೊಳ್ಳುವ ಮುದುಕಿಯೊಬ್ಬಳು ದಿನಾ ಅವಳ ಸತ್ತ ತಂಗಿಯ ಹೆಸರಿಂದ ನನ್ನನ್ನು ಕರೆಯುತ್ತಾಳೆ, ನಾನೂ ಓಗೊಡುತ್ತೇನೆ ಎಂದಳು. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಆಗ ಅವರೆಕಾಯಿ ಸಾರಿನ ವಾಸನೆ ನೆನಪಾದರೆ ಊಟ ಸೇರುವುದಿಲ್ಲ ಎಂದಳು. ಚಿಕ್ಕಸಿದ್ದಮ್ಮ ಸಂಗಣ್ಣ ದಾಸಯ್ಯನ ತಟ್ಟೆಗೆ ಬಾಯಿ ಹಾಕಿ ಸಿಕ್ಕಿಬಿದ್ದ ಕತೆ ಹೇಳಿದಳು. ಮೂರು ಗಂಟೆಗೆ ಇಬ್ಬರೂ ನಿಧಾನವಾಗಿ ಹೊಲಕ್ಕೆ ನಡೆದರು. ಹೊಂಗೆಮರದ ಕೆಳಗೆ ಪೇಮಕ್ಕ ಕೈಮುಗಿದು ತುಟಿಯಲ್ಲೇ ಏನೋ ಹೇಳಿಕೊಂಡಳು. ಆಮೇಲೆ ಬದುವಿನ ಮೇಲೆ ಕೂತು, ದೂರ ನೋಡುತ್ತ ಹೇಳಿದಳು.

"ಮನೆ, ಹೊಲ ಎಲ್ಲಾ ಚಿಕ್ಕಪ್ಪನ ಮಗನ ಹೆಸರಿಗೇ ಬಿಟ್ಕೊಟ್ಟೆ ಸಿದ್ದಮ್ಮಿ. ಈ ಮಂಡಿಗೆ ಇನ್ನೊಂದು ಸಲ ಆಗಾಕಿಲ್ಲ. ಇನ್ಮೇಲೆ ಬರೋದು ಕಷ್ಟ."

"ಗೊತ್ತು ಬುಡಕ್ಕ" ಎಂದಳು ಚಿಕ್ಕಸಿದ್ದಮ್ಮ. ಆ ಕೋಲು ನೋಡಿದಾಗಲೇ ಅವಳಿಗೆ ಗೊತ್ತಾಗಿತ್ತು.

ಹೊತ್ತು ಇಳಿಯುವವರೆಗೂ ಇಬ್ಬರೂ ಅಲ್ಲೇ ಕೂತರು. ಪಕ್ಕದ ಹೊಲದಲ್ಲಿ ಯಾರೋ ಹೊಗೆಸೊಪ್ಪಿನ ಕಡ್ಡಿ ಕೀಳುತ್ತಿದ್ದರು. ಪೇಮಕ್ಕ ಚಿಕ್ಕಸಿದ್ದಮ್ಮ ಕೊಟ್ಟ ಕೆಂಪು ಶಾಲನ್ನು ಕೊರಳಿಗೆ ಸುತ್ತಿಕೊಂಡಿದ್ದಳು, ಆ ಬಿಸಿಲಿನಲ್ಲೂ.

ಹೊರಡುವ ದಿನ ಚಿಕ್ಕಸಿದ್ದಮ್ಮ ಕ್ಯಾಂಪಿನ ಹತ್ತಿರದ ಕೊಪ್ಪದ ಸರ್ಕಲ್ಲಿಗೆ ಹೋದಳು. ಕಾರು ಮೈಸೂರು ರಸ್ತೆಗೆ ತಿರುಗುವ ಮುಂಚೆ ಅಲ್ಲಿ ನಿಲ್ಲಿಸುತ್ತೇನೆಂದು ಪೇಮಕ್ಕ ಹೇಳಿದ್ದಳು. ನಿಲ್ಲಿಸಿದಳು. ಚಿಕ್ಕಸಿದ್ದಮ್ಮ ಕಿಟಕಿಯಲ್ಲಿ ಬಾಗಿ, ಈ ಸಲ ಬೇರೇನೂ ಮಾಡದೆ, ಮುಖವನ್ನು ಚೆನ್ನಾಗಿ ನೋಡಿದಳು. ಗಲ್ಲದ ಮೇಲಿನ ಮಚ್ಚೆ, ಕನ್ನಡಕದ ಹಿಂದಿನ ಸಣ್ಣ ಕಣ್ಣು, ಬಿಳಿಯಾದ ಹುಬ್ಬು. ಹಿಂದಿನಿಂದ ಕುಶಾಲನಗರದ ಬಸ್ ಹಾರನ್ ಹೊಡೆಯಿತು. ಕಾರು ಹೊರಟಿತು. ಅವಳು ಸರ್ಕಲ್ಲಿನಲ್ಲಿ ಸ್ವಲ್ಪ ಹೊತ್ತು ನಿಂತು, ಅರ್ಧ ಕೇಜಿ ಹಸಿಮೆಣಸಿನಕಾಯಿ ಕೊಂಡು ಮನೆಗೆ ನಡೆದಳು.

ಇದಾಗಿ ಈಗ ವರ್ಷವಾಗುತ್ತ ಬಂತು. ಭಾನುವಾರದ ಫೋನ್ ನಿಂತಿಲ್ಲ. ಕೆಲವು ಸಲ ಮಾತು ಐದು ನಿಮಿಷಕ್ಕೇ ಮುಗಿಯುತ್ತದೆ. ಪೇಮಕ್ಕ ಈಗ ನಾಯಿಯನ್ನು ಕೇಳುವುದಿಲ್ಲ.

"ನಾಳೆ ಇಸ್ಕೂಲಲ್ಲಿ ಏನ್ ಸಾರು?" ಎನ್ನುತ್ತಾಳೆ.

"ಮೂಲಂಗಿ ತಂದವ್ರೆ. ಮೂಲಂಗಿ ಸಾರು."

"ಬೇಳೆ ಜಾಸ್ತಿ ಹಾಕು."

"ಕೊಟ್ಟಷ್ಟೇ ತಾನೇ ಹಾಕೋದು?"

"ಆಯ್ತು. ಇಡ್ಲಾ? ಡ್ಯೂಟಿಗೆ ಹೊತ್ತಾಯ್ತು."

"ಇಡಕ್ಕ."

ಪರದೆ ಕಪ್ಪಾಗುತ್ತದೆ. ಚಿಕ್ಕಸಿದ್ದಮ್ಮ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿದಲ್ಲೇ ಬಿಟ್ಟು ಅದರ ಮುಂದೆಯೇ ಕೂತಿರುತ್ತಾಳೆ. ಊಟಕ್ಕೆ ಕಾಯುತ್ತ ದಾಸಯ್ಯ ಜಗಲಿಯಿಂದ ಇಣುಕುತ್ತಾನೆ.

"ಕಟ್ಟಾಯ್ತು ಕಣಮ್ಮಿ."

"ಗೊತ್ತು ಬುಡು" ಎನ್ನುತ್ತಾಳೆ ಅವಳು. ಎಂದವಳು ಇನ್ನೊಂದು ಗಳಿಗೆ ಕೂತಿದ್ದು, ಆಮೇಲೆ ಹಿಟ್ಟಿಗೆ ಎಸರಿಡಲು ಏಳುತ್ತಾಳೆ.